ಹಳೇ ಡಿಶ್‌ವಾಶರ್ ನೀರು ಹೊರಗೆ ಹಾಕುತ್ತಿಲ್ಲ. ಪಂಪೇ ಹೋಗಿದೆಯಾ?

ಶಿರಸಿ ಹುಡುಗಿ · ಶನಿವಾರ ಬೆಳಿಗ್ಗೆ 9:10
ಎಲ್ಲರಿಗೂ ನಮಸ್ಕಾರ. ನಮ್ಮದು 2014ರಲ್ಲಿ ತೆಗೆದುಕೊಂಡ ಡಿಶ್‌ವಾಶರ್. ಮೈಸೂರಿನ ಮನೆಯಲ್ಲಿ ಸಿಂಕ್ ಪಕ್ಕದಲ್ಲೇ ಇದೆ. ಇಷ್ಟು ವರ್ಷದಲ್ಲಿ ಒಮ್ಮೆ ಬಾಗಿಲಿನ ರಬ್ಬರ್ ಬದಲಿಸಿದ್ದು ಬಿಟ್ಟರೆ ಒಂದು ದಿನವೂ ತಕರಾರು ಮಾಡಿದ್ದಲ್ಲ.

ತವರಿಗೆ ಹೋಗಿ ಹತ್ತು ದಿನ ಇದ್ದು ಬುಧವಾರ ವಾಪಸ್ ಬಂದೆ. ಅವತ್ತು ರಾತ್ರಿ ಪಾತ್ರೆ ಹಾಕಿ ಶುರು ಮಾಡಿದರೆ ಇಪ್ಪತ್ತು ನಿಮಿಷಕ್ಕೆ ನಿಂತೇ ಹೋಯಿತು. ಬಾಗಿಲು ತೆಗೆದು ನೋಡಿದರೆ ತಳದಲ್ಲಿ ಸಾರಿನ ಬಣ್ಣದ ನೀರು. ನೀರು ಹೊರಗೆ ಹಾಕುವ ಹೊತ್ತಿಗೆ "ಗುಂಯ್" ಅಂತ ಶಬ್ದ ಬರುತ್ತದೆ, ನೀರು ಮಾತ್ರ ಕದಲುವುದಿಲ್ಲ. ನಿನ್ನೆ ರಿಪೇರಿಯವರು ಬಂದಿದ್ದರು. ಏನೂ ಬಿಚ್ಚಲಿಲ್ಲ. ಶಬ್ದ ಕೇಳಿಯೇ "ಪಂಪ್ ವೀಕ್ ಆಗಿದೆ, ಬೋರ್ಡ್ ಮೇಲೂ ಡೌಟಿದೆ, ಎರಡೂ ಸೇರಿ 11 ಸಾವಿರ ಆಗುತ್ತೆ, ಅದರ ಬದಲು ಹೊಸದೇ ತಗೊಳ್ಳಿ" ಎಂದರು. ನೋಡಿದ್ದಕ್ಕೆ 500 ರೂಪಾಯಿ ತೆಗೆದುಕೊಂಡು ಹೋದರು.

ಮೇಲಿನ ಫಿಲ್ಟರ್ ತೊಳೆದಿದ್ದೇನೆ. ಬೇರೆ ಏನು ನೋಡಬಹುದು?

ಜಯನಗರ ಜಾಣ · 9:24
ಹತ್ತು ವರ್ಷ ದಾಟಿದ ಮೆಷಿನ್‌ಗೆ 11 ಸಾವಿರ ಸುರಿಯಬೇಡಿ. ನನ್ನ ಕೇಳಿದರೆ ಹೊಸದೂ ಬೇಡ. ಕೈಯಲ್ಲಿ ತೊಳೆದರೆ ಹತ್ತು ನಿಮಿಷದ ಕೆಲಸ. ಇದೆಲ್ಲ ಸೋಮಾರಿಗಳ ಸಾಮಾನು.

ಬೋರ್‌ವೆಲ್ ಭಾಗ್ಯ · 9:31
ಹತ್ತು ನಿಮಿಷ ಎಂದು ಲೆಕ್ಕ ಹಾಕಿದವರು ನೀವೋ, ತೊಳೆಯುವವರೋ?

ಟೂಲ್‌ಬಾಕ್ಸ್ · 9:48
ಮೇಡಂ, ಗಾಬರಿ ಬೇಡ. ನೀರು ಹೋಗುವ ದಾರಿ ತುಂಬಾ ಸರಳ. ತಳದ ಗುಂಡಿಯಿಂದ ಫಿಲ್ಟರ್ ದಾಟಿ ಡ್ರೈನ್ ಪಂಪಿಗೆ, ಪಂಪಿನಿಂದ ಒಂದು ನಾನ್ ರಿಟರ್ನ್ ವಾಲ್ವ್ (ಹೋದ ನೀರು ವಾಪಸ್ ಬರದಂತೆ ತಡೆಯುವ ಬಾಗಿಲು) ದಾಟಿ ಪೈಪಿಗೆ, ಪೈಪಿನಿಂದ ಸಿಂಕ್ ಕೆಳಗಿನ ಟ್ರಾಪಿಗೆ, ಅಂದರೆ ವಾಸನೆ ಮೇಲೆ ಬರದಂತೆ ಸ್ವಲ್ಪ ನೀರು ಹಿಡಿದಿಟ್ಟುಕೊಳ್ಳುವ ಭಾಗಕ್ಕೆ. ಇಷ್ಟರಲ್ಲಿ ಎಲ್ಲೋ ಒಂದು ಕಡೆ ತಡೆ ಇದೆ. ಹಳೇ ಮೆಷಿನ್‌ಗಳಲ್ಲಿ ಹತ್ತಕ್ಕೆ ಏಳೆಂಟು ಸಲ ಪಂಪ್ ಹೋಗಿರುವುದಿಲ್ಲ, ಕಸ ಸಿಕ್ಕಿಕೊಂಡಿರುತ್ತದೆ. ಇದು ನನ್ನ ಅನುಭವ, ಶಾಸ್ತ್ರ ಅಲ್ಲ.

ಮೊದಲು ಪ್ಲಗ್ ಕಿತ್ತುಬಿಡಿ. ಸ್ವಿಚ್ ಆರಿಸಿದರೆ ಸಾಲದು. ನಿಂತ ನೀರನ್ನು ಲೋಟದಲ್ಲಿ ಮೊಗೆದು, ಉಳಿದದ್ದನ್ನು ಸ್ಪಂಜಿನಲ್ಲಿ ಹೀರಿ. ಉರುಳೆಯಂಥ ಫಿಲ್ಟರ್ ತಿರುಗಿಸಿ ತೆಗೆಯಿರಿ, ಅದರ ಕೆಳಗಿನ ಚಪ್ಪಟೆ ಜಾಲರಿಯನ್ನೂ ತೆಗೆಯಿರಿ. ಗುಂಡಿಯ ಪಕ್ಕದಲ್ಲಿ ಒಂದು ಪುಟ್ಟ ಪ್ಲಾಸ್ಟಿಕ್ ಮುಚ್ಚಳ ಇರುತ್ತದೆ. ಕೆಲವಕ್ಕೆ ಒಂದು ಸ್ಕ್ರೂ, ಕೆಲವನ್ನು ಚಮಚದ ಹಿಡಿಯಿಂದ ಮೀಟಿದರೆ ಸಾಕು. ಒಳಗೆ ಪಂಪಿನ ಚಿಕ್ಕ ಫ್ಯಾನ್ ಕಾಣಿಸುತ್ತದೆ. ಬೆರಳು ಹಾಕುವ ಮೊದಲು ಟಾರ್ಚ್ ಬಿಟ್ಟು ನೋಡಿ, ಒಡೆದ ಗಾಜು ಇರುವುದು ಅಲ್ಲೇ.

ಹಳೇ ರೇಡಿಯೋ · 10:05
ಟೂಲ್‌ಬಾಕ್ಸ್ ಹೇಳಿದ್ದು ಸರಿ. ಒಂದು ಮಾತು ಸೇರಿಸುತ್ತೇನೆ. ರಿಪೇರಿಯವರು ಬೋರ್ಡ್ ಮೇಲೆ ಡೌಟು ಎಂದದ್ದು ನನಗೆ ಅರ್ಥವಾಗಲಿಲ್ಲ. ಪಂಪ್ ಗುಂಯ್ ಎನ್ನಬೇಕಾದರೆ ಅದಕ್ಕೆ ಕರೆಂಟ್ ಹೋಗುತ್ತಿರಬೇಕು. ಕರೆಂಟ್ ಕೊಡುವುದು ಬೋರ್ಡ್. ಅಂದ ಮೇಲೆ ಬೋರ್ಡ್ ತನ್ನ ಕೆಲಸ ಮಾಡುತ್ತಿದೆ, ಅಲ್ವಾ? ಪಂಪ್ ಸದ್ದೇ ಮಾಡದಿದ್ದರೆ ಬೋರ್ಡ್, ವೈರ್, ಮೋಟರ್ ಎಂದು ಹುಡುಕಬೇಕಿತ್ತು.

ಡಿಸ್‌ಪ್ಲೇಯಲ್ಲಿ ಏನಾದರೂ ಕೋಡ್ ಬರುತ್ತಿದೆಯಾ?

ಶಿರಸಿ ಹುಡುಗಿ · 10:11
ಡಿಸ್‌ಪ್ಲೇ ಇಲ್ಲ ಸರ್. ಲೈಟ್ ಮಿಣುಕುತ್ತದೆ, ಅಷ್ಟೇ. ನಲ್ಲಿಯ ಚಿತ್ರ ಇರುವ ಲೈಟ್.

ಕರಾವಳಿ ಕಾಕ · 10:20
ನಮ್ಮಲ್ಲಿ ಹೀಗೇ ಆಗಿತ್ತು ಮಾರಾಯ್ರೆ. ಗುಂಯ್ ಗುಂಯ್. ಬಿಚ್ಚಿದರೆ ಆ ಫ್ಯಾನಿಗೆ ಬಂಗುಡೆ ಮುಳ್ಳು ಅಡ್ಡ ಕೂತಿತ್ತು. ಒಂದೇ ಒಂದು ಮುಳ್ಳು. ಮನೆಯಲ್ಲಿ ಯಾರ ತಟ್ಟೆಯದ್ದು ಎಂದು ಇನ್ನೂ ಜಗಳ ಇದೆ.

ಇನ್ನೊಂದು ಸಲ ಉಪ್ಪಿನಕಾಯಿ ಬಾಟಲಿ. ಮರುಬಳಕೆಗೆ ಎಂದು ನಾಲ್ಕು ಬಾಟಲಿ ಲೇಬಲ್ ಸಮೇತ ಹಾಕಿದ್ದೆವು. ಬಿಸಿ ನೀರಿಗೆ ಕಾಗದ ಬಿಟ್ಟುಕೊಂಡು ಹಿಟ್ಟಿನ ಹಾಗೆ ಆಗಿ ವಾಲ್ವ್ ಹತ್ತಿರ ಕಟ್ಟಿಕೊಂಡಿತ್ತು. ಲೇಬಲ್ ಕಿತ್ತು ಹಾಕಿ, ದಯವಿಟ್ಟು.

ನ್ಯೂಜೆರ್ಸಿ ನಾಗು · 10:37
ಇಲ್ಲಿ ನನ್ನ ಮನೆಯಲ್ಲಿ ಆದದ್ದು ಹೇಳುತ್ತೇನೆ. ಸಿಂಕ್ ಕೆಳಗೆ ಕಸ ಅರೆಯುವ ಡಿಸ್ಪೋಸರ್ ಇರುತ್ತದೆ. ಡಿಶ್‌ವಾಶರ್ ಪೈಪ್ ಅದರ ಪಕ್ಕದ ಬಾಯಿಗೆ ಸೇರುತ್ತದೆ. ಹೊಸ ಡಿಸ್ಪೋಸರ್‌ನಲ್ಲಿ ಆ ಬಾಯಿಗೆ ಒಳಗಿನಿಂದ ಪ್ಲಾಸ್ಟಿಕ್ ಬಿರಡೆ ಇರುತ್ತದೆ. ಸ್ಕ್ರೂಡ್ರೈವರ್ ಇಟ್ಟು ಹೊಡೆದು ಅದನ್ನು ಉದುರಿಸಬೇಕು. ನಾನು ಉದುರಿಸದೆ ಪೈಪ್ ಜೋಡಿಸಿದ್ದೆ. ಮೂರು ದಿನ ಡಿಶ್‌ವಾಶರ್‌ಗೇ ಬೈದೆ.

ಜಯನಗರ ಜಾಣ · 10:41
ನಾಗು ಅವರೇ, ಮೈಸೂರಿನ ಅಡುಗೆಮನೆಯಲ್ಲಿ ಡಿಸ್ಪೋಸರ್ ಎಲ್ಲಿಂದ ಬರಬೇಕು? ಇಲ್ಲಿ ಡಿಸ್ಪೋಸರ್ ಎಂದರೆ ಹಸಿ ಕಸದ ಬಕೆಟ್.

ನ್ಯೂಜೆರ್ಸಿ ನಾಗು · 10:43
ಅನುಭವ ಹೇಳಿದೆ ಅಷ್ಟೇ ಗುರೂ. ಬೇಕಾದವರು ತೆಗೆದುಕೊಳ್ಳಲಿ.

ಪುಸ್ತಕದ ಹುಳು · 10:58
"ಸೋಮಾರಿಗಳ ಸಾಮಾನು" ಎಂದವರಿಗೆ ಒಂದು ಮಾತು. ಇದನ್ನು ಕೆಲಸಕ್ಕೆ ಬರುವ ರೂಪಕ್ಕೆ ತಂದದ್ದು ಅಮೆರಿಕದ ಇಲಿನಾಯ್‌ನ ಜೋಸೆಫೀನ್ ಕೊಕ್ರೇನ್ ಎಂಬ ಹೆಂಗಸು. 1886ರ ಡಿಸೆಂಬರ್‌ನಲ್ಲಿ ಪೇಟೆಂಟ್ ಸಿಕ್ಕಿತು. 1893ರ ಶಿಕಾಗೋ ವಸ್ತುಪ್ರದರ್ಶನದಲ್ಲಿ ಆಕೆಯ ಮೆಷಿನ್ ಇತ್ತು. ಗಂಡ ಸಾಲ ಬಿಟ್ಟು ಸತ್ತಿದ್ದ. ಸಂಸಾರ ನಡೆಸಲು ಕಂಪನಿ ಕಟ್ಟಿದಳು, ಹೋಟೆಲುಗಳಿಗೆ ತಾನೇ ಹೋಗಿ ಮಾರಿದಳು. ಸೋಮಾರಿ ಅಂತೆ!

ಜಯನಗರ ಜಾಣ · 11:02
ಆಕೆ ಅಲ್ಲ ಸೋಮಾರಿ. ಕೊಂಡವರು.

ಟೂಲ್‌ಬಾಕ್ಸ್ · 11:04
ಜಾಣರೇ, ದಾರಿ ತಪ್ಪಿಸಬೇಡಿ. ಇಲ್ಲಿ ಒಬ್ಬರ ಅಡುಗೆಮನೆಯಲ್ಲಿ ನೀರು ನಿಂತಿದೆ.

ಶಿರಸಿ ಹುಡುಗಿ · 12:15
ಬಿಚ್ಚಿದೆ! ಸಿಕ್ಕಿದ್ದು ಇಷ್ಟು: ಸಾಸಿವೆ ಲೆಕ್ಕವಿಲ್ಲದಷ್ಟು, ನಿಂಬೆ ಬೀಜ ಎರಡು, ಕರಿಬೇವಿನ ದಂಟು ಒಂದು, ಹುಣಸೆ ನಾರು, ಮತ್ತೆ ಒಂದು ಕಿವಿಯೋಲೆಯ ತಿರುಪು. ತಿರುಪು ಕಳೆದು ಎರಡು ವರ್ಷ ಆಗಿತ್ತು. ಕೆಲಸದವಳ ಮೇಲೆ ಅನುಮಾನ ಪಟ್ಟಿದ್ದೆ. ಈಗ ನಾಚಿಕೆ ಆಗುತ್ತಿದೆ.

ಎಲ್ಲ ತೆಗೆದು ತೊಳೆದು ಹಾಕಿದೆ. ಆದರೂ ನೀರು ಹೋಗುತ್ತಿಲ್ಲ. ಅದೇ ಗುಂಯ್. ಒಂದು ಸಂಶಯ. ಆ ಫ್ಯಾನನ್ನು ಬೆರಳಲ್ಲಿ ತಿರುಗಿಸಿದರೆ ಸಲೀಸಾಗಿ ತಿರುಗುವುದಿಲ್ಲ. ತಡೆ ತಡೆದು ತಿರುಗುತ್ತದೆ. ಅದು ಹಾಳಾಗಿದೆಯಾ?

ಹಳೇ ರೇಡಿಯೋ · 12:26
ಇಲ್ಲಮ್ಮ, ಅದು ಹಾಗೇ ಇರಬೇಕು. ಒಳಗೆ ಅಯಸ್ಕಾಂತ ಇದೆ. ಒಂದೊಂದು ಧ್ರುವ ದಾಟುವಾಗ ಹಿಡಿದು ಬಿಟ್ಟ ಹಾಗೆ ಆಗುತ್ತದೆ. ಸುಮ್ನೆ ಗಿರ್ರನೆ ತಿರುಗಿದರೇ ಅನುಮಾನ ಪಡಬೇಕು, ಫ್ಯಾನು ಶಾಫ್ಟ್ ಬಿಟ್ಟಿದೆ ಎಂದು. ಮಲ್ಟಿಮೀಟರ್ ಇದ್ದರೆ ಪ್ಲಗ್ ಕಿತ್ತು ಪಂಪಿನ ಎರಡು ಪಿನ್ ನಡುವೆ ಓಮ್ ನೋಡಬಹುದು. ನೂರೈವತ್ತು ಇನ್ನೂರರ ಆಸುಪಾಸು ತೋರಿಸಿದರೆ ಕಾಯಿಲ್ ಚೆನ್ನಾಗಿದೆ. ಏನೂ ತೋರಿಸದಿದ್ದರೆ ಸುಟ್ಟಿದೆ. ಆದರೆ ಸದ್ದು ಬರುತ್ತಿರುವಾಗ ಅಷ್ಟು ದೂರ ಹೋಗಬೇಕಿಲ್ಲ.

ಗಾಂಧಿಬಜಾರ್ ಗೌರಿ · 12:33
ಅಡುಗೆ ಸೋಡಾ ಒಂದು ಲೋಟ, ವಿನೆಗರ್ ಒಂದು ಲೋಟ ಸುರಿದು ಅರ್ಧ ಗಂಟೆ ಬಿಡಿ. ಎಂಥ ಬ್ಲಾಕ್ ಇದ್ದರೂ ಬಿಡುತ್ತದೆ.

ಹಳೇ ರೇಡಿಯೋ · 12:36
ನೊರೆ ಬರುತ್ತದೆ, ಕಣ್ಣಿಗೆ ಚಂದ. ಒಂದು ಹುಳಿ, ಒಂದು ಕ್ಷಾರ. ಎರಡೂ ಕೂಡಿ ಒಂದನ್ನೊಂದು ಕೊಂದುಕೊಳ್ಳುತ್ತವೆ. ಕೊನೆಗೆ ಉಳಿಯುವುದು ಉಪ್ಪುನೀರು. ಸಾಸಿವೆ ಕರಗುತ್ತದಾ ಅದರಲ್ಲಿ?

ಗಾಂಧಿಬಜಾರ್ ಗೌರಿ · 12:38
ನಮ್ಮ ಸಿಂಕಿನಲ್ಲಿ ಬಿಟ್ಟಿತ್ತು ಸರ್.

ಹಳೇ ರೇಡಿಯೋ · 12:40
ಆಮೇಲೆ ಬಿಸಿ ನೀರು ಸುರಿದಿರಿ ತಾನೇ? ಬಿಟ್ಟದ್ದು ಬಿಸಿ ನೀರಿಗೆ.

ಬೋರ್‌ವೆಲ್ ಭಾಗ್ಯ · 12:52
ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಹಾಕಿ ಖಾಲಿ ಓಡಿಸಿದರೆ ಪಾಚಿಯಂಥ ಬಿಳಿ ಕಟ್ಟು ಹೋಗುತ್ತದೆ. ನಮ್ಮದು ಬೋರ್ ನೀರು, ಎರಡು ತಿಂಗಳಿಗೊಮ್ಮೆ ಮಾಡಲೇಬೇಕು. ಹುಷಾರ್, ಹೆಸರಿನಲ್ಲಿ ಉಪ್ಪಿದೆ ಎಂದು ಮೆಷಿನ್ ಒಳಗಿನ ಉಪ್ಪಿನ ಡಬ್ಬಿಗೆ ಹಾಕಬೇಡಿ. ನಮ್ಮತ್ತೆ ಹಾಕಿದ್ದರು. ಅಲ್ಲಿಗೆ ಡಿಶ್‌ವಾಶರ್‌ಗೇ ಎಂದು ಮಾರುವ ಹರಳುಪ್ಪೇ ಬೇಕು, ಅಯೋಡಿನ್ ಇಲ್ಲದ್ದು.

ಇರಲಿ, ನನ್ನದೂ ಒಂದು ಪ್ರಶ್ನೆ. ನಮ್ಮದು ಉಲ್ಟಾ. ನಿನ್ನೆಯಿಂದ ಡ್ರೈನ್ ಪಂಪ್ ನಿಲ್ಲುತ್ತಲೇ ಇಲ್ಲ. ಆಫ್ ಮಾಡಿದರೂ ಓಡುತ್ತದೆ. ಒಳಗೆ ಒಂದು ಹನಿ ನೀರಿಲ್ಲ.

ಟೂಲ್‌ಬಾಕ್ಸ್ · 12:59
ಭಾಗ್ಯ ಅವರೇ, ಮೊದಲು ಪ್ಲಗ್ ಕೀಳಿ, ನಲ್ಲಿ ನಿಲ್ಲಿಸಿ. ಮೆಷಿನ್‌ನ ಅಡಿಯಲ್ಲಿ ಒಂದು ತಟ್ಟೆ ಇದೆ, ಅದರಲ್ಲಿ ಒಂದು ತೇಲುವ ಸ್ವಿಚ್. ಎಲ್ಲೋ ಸೋರಿ ತಟ್ಟೆಗೆ ನೀರು ಬಿದ್ದರೆ ಸ್ವಿಚ್ ಮೇಲೇಳುತ್ತದೆ. ಮನೆ ಮುಳುಗದಿರಲಿ ಎಂದು ಪಂಪ್ ಓಡುತ್ತಲೇ ಇರುತ್ತದೆ. ಇತ್ತೀಚೆಗೆ ಸಿಂಕಿನಲ್ಲಿ ಕೈಯಿಂದ ಪಾತ್ರೆ ತೊಳೆಯಲು ಬಳಸುವ ಲಿಕ್ವಿಡ್ ಏನಾದರೂ ಮೆಷಿನ್‌ಗೆ ಹಾಕಿದಿರಾ?

ಬೋರ್‌ವೆಲ್ ಭಾಗ್ಯ · 1:03
…ಪುಡಿ ಮುಗಿದಿತ್ತು. ಎರಡೇ ಚಮಚ ಹಾಕಿದೆ.

ಟೂಲ್‌ಬಾಕ್ಸ್ · 1:06
ಎರಡು ಚಮಚ ಸಾಕು. ನೊರೆ ಉಕ್ಕಿ ಬಾಗಿಲ ಸಂದಿಯಿಂದ ಅಡಿಗೆ ಇಳಿದಿರುತ್ತದೆ. ಇಬ್ಬರು ಹಿಡಿದು ಮೆಷಿನ್ ಅನ್ನು ಸ್ವಲ್ಪ ವಾಲಿಸಿ, ಕೆಳಗೆ ಹಳೇ ಟವೆಲ್ ಹಾಸಿ. ನೀರು ಬಂದರೆ ಪೂರ್ತಿ ಒಣಗಲು ಒಂದು ದಿನ ಬಿಡಿ. ಆಮೇಲೂ ತಟ್ಟೆ ತುಂಬಿದರೆ ಅದು ನೊರೆಯಲ್ಲ, ಸೋರಿಕೆ.

ಶಿರಸಿ ಮೇಡಂ, ನಿಮಗೆ ಈಗ ಬಕೆಟ್ ಪರೀಕ್ಷೆ. ಸಿಂಕ್ ಕೆಳಗೆ ಮೆಷಿನ್ ಪೈಪ್ ಟ್ರಾಪಿಗೆ ಸೇರುವ ಕಡೆ ಕ್ಲಿಪ್ ಸಡಿಲಿಸಿ ಪೈಪ್ ಎಳೆಯಿರಿ. ಕೆಳಗೆ ಟಬ್ ಇರಲಿ, ಪೈಪಲ್ಲಿ ನಿಂತ ನೀರು ಚೆಲ್ಲುತ್ತದೆ. ಪೈಪಿನ ತುದಿ ಬಕೆಟಿಗೆ ಹಾಕಿ. ಆಮೇಲೆ ಪ್ಲಗ್ ಹಾಕಿ, ಸ್ಟಾರ್ಟ್ ಬಟನ್ ಮೂರು ಸೆಕೆಂಡ್ ಒತ್ತಿ ಹಿಡಿಯಿರಿ. ಬಹಳ ಮೆಷಿನ್‌ಗಳಲ್ಲಿ ಅದು ಕ್ಯಾನ್ಸಲ್ ಆಗಿ ನೀರು ಹೊರಗೆ ಹಾಕುತ್ತದೆ. ಬಕೆಟಿಗೆ ಜೋರಾಗಿ ಬಂದರೆ ಮೆಷಿನ್ ನಿರ್ದೋಷಿ, ತಪ್ಪು ಮನೆಯದ್ದು.

ಹಳೇ ರೇಡಿಯೋ · 1:14
ಒಂದು ತಿದ್ದುಪಡಿ. ಬಕೆಟ್ ನೆಲದ ಮೇಲೆ ಇಡಬೇಡಿ. ಪೈಪ್ ಕೆಳಗಿದ್ದರೆ ನೀರು ತನ್ನ ತೂಕಕ್ಕೇ ಎಳೆದುಕೊಂಡು ಇಳಿಯುತ್ತದೆ. ಸೊರಗಿದ ಪಂಪೂ ಚೆನ್ನಾಗಿದೆ ಎಂದು ಮೋಸ ಹೋಗುತ್ತೀರಿ. ಸ್ಟೂಲ್ ಮೇಲೆ ಇಡಿ. ಟ್ರಾಪಿಗೆ ಪೈಪ್ ಸೇರುತ್ತಿದ್ದ ಎತ್ತರ ಇರಲಿ.

ಟೂಲ್‌ಬಾಕ್ಸ್ · 1:16
ಒಪ್ಪಿದೆ ಸರ್. ಅದು ಬರೆಯಲು ಮರೆತೆ.

ಕರಾವಳಿ ಕಾಕ · 1:30
ನಮ್ಮ ತಮ್ಮನ ಮನೆಯಲ್ಲಿ ಪೈಪನ್ನು ನೆಲದ ಜಾಲರಿಗೇ ಇಳಿಬಿಟ್ಟಿದ್ದರು. ಒಂದು ಕಡೆ ನೀರು ತುಂಬುತ್ತದೆ, ಇನ್ನೊಂದು ಕಡೆ ಹಾಗೇ ಹರಿದು ಹೋಗುತ್ತದೆ. ಮೆಷಿನ್ ಪಾಪ ತುಂಬುತ್ತಲೇ ಇತ್ತು. ಸಾಲದ್ದಕ್ಕೆ ಇಲಿ ಪೈಪ್ ಕಡಿಯಿತು.

ಶಿರಸಿ ಹುಡುಗಿ · 2:40
ಊಟ ಮುಗಿಸಿ ಮಾಡಿದೆ. ಸ್ಟೂಲ್ ಮೇಲೆ ಬಕೆಟ್. ಬಟನ್ ಒತ್ತಿದ್ದೇ ತಡ, ನೀರು ರಪ್ಪೆಂದು ಬಂತು! ಹತ್ತು ಹದಿನೈದು ಸೆಕೆಂಡಿನಲ್ಲಿ ಒಳಗೆಲ್ಲ ಖಾಲಿ. ಗುಂಡಿಯಲ್ಲಿ ಒಂದು ಲೋಟದಷ್ಟು ಉಳಿದಿದೆ.

ಟೂಲ್‌ಬಾಕ್ಸ್ · 2:44
ಆ ಒಂದು ಲೋಟ ಇರಬೇಕಾದದ್ದೇ. ಅದು ಇದ್ದರೆ ಸೀಲು ಒಣಗುವುದಿಲ್ಲ. ನಿಮ್ಮ 11 ಸಾವಿರ ಉಳಿಯಿತು. ಈಗ ಸಿಂಕಿನ ಟ್ರಾಪ್ ಕಟ್ಟಿರಬೇಕು.

ಶಿರಸಿ ಹುಡುಗಿ · 2:47
ಅದೇ ವಿಚಿತ್ರ. ಸಿಂಕಿನಲ್ಲಿ ನೀರು ಸರಾಗ ಹೋಗುತ್ತಿದೆ. ಒಂದು ಬಕೆಟ್ ಸುರಿದು ನೋಡಿದೆ, ಒಂದು ಕ್ಷಣವೂ ನಿಲ್ಲಲಿಲ್ಲ. ಮೆಷಿನ್ ಸರಿ, ಸಿಂಕ್ ಸರಿ. ಮತ್ತೆ ಪೈಪ್ ವಾಪಸ್ ಜೋಡಿಸಿದರೆ ಗುಂಯ್!

ಜಯನಗರ ಜಾಣ · 2:50
ದೆವ್ವ ಹಿಡಿದಿದೆ. ಬೂದುಗುಂಬಳಕಾಯಿ ಕಟ್ಟಿ.

ಹಳೇ ರೇಡಿಯೋ · 2:58
ಮೆಷಿನ್, ಪೈಪ್ ಎರಡೂ ಬಕೆಟ್ ಪರೀಕ್ಷೆಯಲ್ಲಿ ಪಾಸ್. ಸಿಂಕ್, ಟ್ರಾಪ್ ಎರಡೂ ಪಾಸ್. ಉಳಿದದ್ದು ಒಂದೇ ಜಾಗ. ಪೈಪ್ ಟ್ರಾಪಿಗೆ ಸಿಕ್ಕಿಸುವ ಆ ಎರಡು ಇಂಚಿನ ಮೂತಿ. ಅದರೊಳಗೆ ಕಡ್ಡಿ ಹಾಕಿ ನೋಡಮ್ಮ.

ಟೂಲ್‌ಬಾಕ್ಸ್ · 3:01
ಇತ್ತೀಚೆಗೆ ಸಿಂಕ್ ಕೆಳಗೆ ಏನಾದರೂ ಕೆಲಸ ಮಾಡಿಸಿದಿರಾ? ಹೊಸ ಟ್ರಾಪ್?

ಶಿರಸಿ ಹುಡುಗಿ · 3:04
ಇಲ್ಲ ಸರ್, ಏನೂ ಮಾಡಿಸಿಲ್ಲ. ಕಡ್ಡಿ ಹಾಕಿ ನೋಡುತ್ತೇನೆ.

ಶಿರಸಿ ಹುಡುಗಿ · 3:31
ಊದಿನಕಡ್ಡಿ ಹಾಕಿದೆ. ಒಂದು ಇಂಚು ಒಳಗೆ ಹೋಗಿ ಟಕ್ ಅಂತ ನಿಲ್ಲುತ್ತದೆ. ಗಟ್ಟಿ. ಕಸ ಅಲ್ಲ. ಟಾರ್ಚ್ ಬಿಟ್ಟರೆ ಬಿಳೀ ಪ್ಲಾಸ್ಟಿಕ್ ಗೋಡೆ ಕಾಣಿಸಿತು. ಆಗ ಗಮನಿಸಿದೆ, ಟ್ರಾಪೇ ಹೊಚ್ಚ ಹೊಸದು. ನಮ್ಮದು ಹಳದಿ ತಿರುಗಿತ್ತು!

ಮಾವನನ್ನು ಕೇಳಿದೆ. "ಹೌದಮ್ಮ, ನೀನು ಊರಿಗೆ ಹೋದ ಮಾರನೇ ದಿನ ಸಿಂಕ್ ಕೆಳಗೆ ಸೋರ್ತಿತ್ತು. ಪ್ಲಂಬರ್ ಕರೆಸಿ ಬದಲಾಯಿಸಿದೆ. ನಿನ್ನ ಮೆಷಿನ್ ಪೈಪನ್ನೂ ಹೊಸ ಕ್ಲಿಪ್ ಹಾಕಿ ನೀಟಾಗಿ ಕೂರಿಸಿ ಹೋದ. ಹೇಳಿರಲಿಲ್ವಾ?" ಎಂದರು. ಅವರು ತಮ್ಮ ತಟ್ಟೆ ಲೋಟ ತಾವೇ ತೊಳೆದುಕೊಳ್ಳುವವರು. ಹತ್ತು ದಿನ ಮೆಷಿನ್ ಮುಟ್ಟಿಯೇ ಇಲ್ಲ.

ನ್ಯೂಜೆರ್ಸಿ ನಾಗು · 3:35
ನಿದ್ದೆಯಿಂದ ಎದ್ದು ನೋಡುತ್ತಿದ್ದೇನೆ. ಬಿರಡೆ! ಬಿರಡೆ ಎಂದು ಮೊದಲು ಹೇಳಿದವನು ಯಾರು?

ಜಯನಗರ ಜಾಣ · 3:37
ಡಿಸ್ಪೋಸರ್ ಬಿರಡೆ ಎಂದಿರಿ. ಇದು ಟ್ರಾಪ್ ಬಿರಡೆ. ಅರ್ಧ ಮಾರ್ಕ್ಸ್.

ಟೂಲ್‌ಬಾಕ್ಸ್ · 3:45
ಸಿಕ್ಕಿತು ಕಳ್ಳ. ಹೊಸ ಬಾಟಲ್ ಟ್ರಾಪ್‌ಗಳಲ್ಲಿ ಆ ಮೂತಿ ಮುಚ್ಚಿಯೇ ಬರುವುದುಂಟು. ಮೆಷಿನ್ ಇಲ್ಲದ ಮನೆಯವರಿಗೆ ಅದರಿಂದ ನೀರು ಚೆಲ್ಲಬಾರದಲ್ಲ, ಅದಕ್ಕೆ. ಕೆಲವದರಲ್ಲಿ ನಟ್ ಬಿಚ್ಚಿದರೆ ಒಂದು ಬಿಲ್ಲೆ ಬರುತ್ತದೆ, ತೆಗೆದು ಬಿಸಾಕಿದರಾಯಿತು. ಕೆಲವದರಲ್ಲಿ ಪ್ಲಾಸ್ಟಿಕ್ಕನ್ನೇ ಕತ್ತರಿಸಬೇಕು. ಮೂತಿಯನ್ನು ತಿರುಗಿಸಿ ಹೊರಗೆ ತೆಗೆದು ಕತ್ತರಿಸಿ. ಟ್ರಾಪ್ ಮೇಲೆ ಇದ್ದ ಹಾಗೇ ಡ್ರಿಲ್ ಹಾಕಲು ಹೋಗಬೇಡಿ, ಎದುರಿನ ಗೋಡೆಯೂ ತೂತಾಗುತ್ತದೆ. ತುಂಡು ಒಳಗೆ ಬಿದ್ದರೆ ಅದೇ ಮುಂದಿನ ಬ್ಲಾಕ್.

ಕರಾವಳಿ ಕಾಕ · 3:50
ಮುಚ್ಚಿದ ಮೂತಿಗೆ ಪೈಪ್ ಹಾಕಿ ಕ್ಲಿಪ್ ಬೇರೆ ಬಿಗಿದಿದ್ದಾನೆ ಪುಣ್ಯಾತ್ಮ.

ಶಿರಸಿ ಹುಡುಗಿ · 5:20
ಆಯಿತು!! ನನಗೆ ಕೈ ಹಾಕಲು ಮಾವ ಬಿಡಲಿಲ್ಲ. ರೈಲ್ವೆ ವರ್ಕ್‌ಶಾಪ್‌ನಲ್ಲಿ ಇದ್ದು ರಿಟೈರ್ ಆದವರು. ತಮ್ಮಿಂದಾದ ತಪ್ಪು ಎಂದು ನೆಲದ ಮೇಲೆ ಕೂತು, ಮೂತಿ ಬಿಚ್ಚಿ, ಚಾಕು ಬಿಸಿ ಮಾಡಿ ಸುತ್ತ ಕೊಯ್ದು, ಅಂಚನ್ನು ಉಪ್ಪುಕಾಗದದಲ್ಲಿ ಉಜ್ಜಿ ನುಣ್ಣಗೆ ಮಾಡಿದರು. ಎಂಟಾಣೆ ಅಗಲದ ಬಿಳಿ ಬಿಲ್ಲೆ. ಜೋಡಿಸಿ ಪೂರ್ತಿ ಒಂದು ಸಲ ಓಡಿಸಿದೆವು. ಮೂರು ಸಲ ನೀರು ಹೊರಗೆ ಹಾಕಿತು, ಮೂರು ಸಲವೂ ಮಾವ ಬಗ್ಗಿ ಕಿವಿಗೊಟ್ಟು ಕೇಳಿದರು.

ಟೂಲ್‌ಬಾಕ್ಸ್ · 5:28
ಭೇಷ್. ಇನ್ನೊಂದು ನೋಡಿ. ಆ ಪೈಪ್ ಟ್ರಾಪಿಗೆ ಸೇರುವ ಮೊದಲು ಒಮ್ಮೆ ಮೇಲೆ ಹೋಗಿ ಬಾಗಿ ಬರುತ್ತದಾ? ಕೌಂಟರ್ ಕಲ್ಲಿನ ಅಡಿಗೆ ತಾಗುವಷ್ಟು ಎತ್ತರಕ್ಕೆ ಎತ್ತಿ ಕಟ್ಟಿರಬೇಕು. ಇಲ್ಲದಿದ್ದರೆ ಸಿಂಕಿನ ಕೊಳಕು ನೀರು ಮೆಷಿನ್ ಒಳಗೆ ವಾಪಸ್ ಬರಬಹುದು.

ಶಿರಸಿ ಹುಡುಗಿ · 5:36
ಕಟ್ಟಿದ್ದ ದಾರ ಕತ್ತರಿಸಿ ಹೋಗಿದ್ದಾನೆ! ಪೈಪ್ ನೆಲಕ್ಕೆ ಜೋತು ಬಿದ್ದಿತ್ತು. ಮಾವ ಈಗ ಅಡಿಕೆ ಮೂಟೆಗೆ ಕಟ್ಟಿ ತಂದಿದ್ದ ಸುತಳಿಯಲ್ಲಿ ಮೇಲೆತ್ತಿ ಕಟ್ಟುತ್ತಿದ್ದಾರೆ. ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಕೆಲಸದವಳಿಗೆ ತಿರುಪಿನ ವಿಷಯ ಹೇಳಬೇಕಾ ಬೇಡವಾ ಎಂದು ಯೋಚಿಸುತ್ತಿದ್ದೇನೆ. ಬಾಯಿಬಿಟ್ಟು ಏನೂ ಅಂದಿರಲಿಲ್ಲ.

ಬೋರ್‌ವೆಲ್ ಭಾಗ್ಯ · 5:40
ಅಂದಿರದಿದ್ದರೆ ಬೇಡ. ಅವಳಿಗೆ ಗೊತ್ತಾಗಿಲ್ಲ ಎಂದು ಮಾತ್ರ ಅಂದುಕೊಳ್ಳಬೇಡಿ.

ಹಳೇ ರೇಡಿಯೋ · 5:52
ನಿಮ್ಮ ಮಾವ ಅಶೋಕಪುರಂ ವರ್ಕ್‌ಶಾಪ್‌ನವರಾ? ಯಾವ ಶಾಪ್, ಯಾವ ವರ್ಷ? ನಮ್ಮ ಭಾವನೂ ಅಲ್ಲೇ ಇದ್ದರು.

ಶಿರಸಿ ಹುಡುಗಿ · 5:58
ಸರ್, ಮಾವ ಫೋನ್ ಕಿತ್ತುಕೊಂಡು ಇದನ್ನೆಲ್ಲ ಮೊದಲಿಂದ ಓದುತ್ತಿದ್ದಾರೆ. ಸ್ವಲ್ಪ ತಾಳಿ, ಅವರೇ ಉತ್ತರ ಬರೆಸುತ್ತಾರಂತೆ.

ಬೋರ್‌ವೆಲ್ ಭಾಗ್ಯ · 6:15
ಮೆಷಿನ್ ವಾಲಿಸಿದೆವು. ಮೂರು ಟವೆಲ್ ಒದ್ದೆ. ಟೂಲ್‌ಬಾಕ್ಸ್ ಸರ್, ಬಂದದ್ದು ನೊರೆ ಅಲ್ಲ. ಶುದ್ಧ ತಿಳಿ ನೀರು. ಇದಕ್ಕೆ ಏನಂತೀರಿ?

ಟೂಲ್‌ಬಾಕ್ಸ್ · 6:19
ತಿಳಿ ನೀರಾ? ಹಾಗಾದರೆ ನಲ್ಲಿಯಿಂದ ಒಳಗೆ ಬರುವ ಕಡೆ ಎಲ್ಲೋ ಸೋರುತ್ತಿದೆ. ನಲ್ಲಿ ನಿಲ್ಲಿಸಿದ್ದೀರಿ ತಾನೇ?

ಬೋರ್‌ವೆಲ್ ಭಾಗ್ಯ · 6:20
ಅಯ್ಯೋ.